ಹೇಳುವವರ ಹೊಣೆ

ಆಶಯ: ಹೊಸ ಸಾಧನವೊಂದು ಜನರ ಬಳಿಗೆ ಬಂದಾಗ ಅದರೊಡನೆ ಅದನ್ನು ಪರಿಚಯಿಸುವ ಮಾತೂ ಬರುತ್ತದೆ. ಆ ಸಾಧನವು ಯಾರಿಗಾಗಿ, ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ಆ ಮಾತು ತಿಳಿಸಬೇಕು. ಕರ್ನಾಟಕದ ರೈತರ ಜಮೀನಿನ ದಾಖಲೆಗಳನ್ನು ಗಣಕಯಂತ್ರಕ್ಕೆ ಸೇರಿಸಿದ ‘ಭೂಮಿ’ ತಂತ್ರಾಂಶವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪಾಠವು ಆ ಹೊಣೆಯನ್ನು ವಿವರಿಸುತ್ತದೆ.

ಕೊಡಗು ಜಿಲ್ಲೆಯ ಉತ್ತರದ ಅಂಚಿನಲ್ಲಿ, ಹಾಸನ ಜಿಲ್ಲೆಯ ಗಡಿಗೆ ಸಮೀಪವಾಗಿ ಕೊಡ್ಲಿಪೇಟೆ ಎಂಬ ಊರಿದೆ. ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ ಈ ಊರು ಒಂದು ಹೋಬಳಿಯ ಕೇಂದ್ರವೂ ಹೌದು. ಇದರ ಸುತ್ತಣ ಹಳ್ಳಿಗಳಲ್ಲಿ ತಗ್ಗಿನ ನೆಲವೆಲ್ಲ ಭತ್ತದ ಗದ್ದೆ. ಏರು ನೆಲವೆಲ್ಲ ಕಾಫಿ ಮತ್ತು ಕರಿಮೆಣಸಿನ ತೋಟ. ಮುಂಗಾರು ಚೆನ್ನಾಗಿ ಹಿಡಿದರೆ ನೆಮ್ಮದಿ, ಕೈಕೊಟ್ಟರೆ ಚಿಂತೆ. ಹೀಗೆ ಇಲ್ಲಿಯ ಜನರ ಸುಖದುಃಖಗಳು ನೆಲದೊಡನೆ ಹೆಣೆದುಕೊಂಡಿವೆ.

ಇಂತಹ ಊರಿನ ಪೇಟೆಯಲ್ಲಿ ರೈತನೊಬ್ಬನು ಕೊಡಲಿಯನ್ನು ಕೊಳ್ಳುವಾಗ ಅಂಗಡಿಯವನ ಮಾತನ್ನು ಹೆಚ್ಚಾಗಿ ಕೇಳುವುದಿಲ್ಲ. ಅದನ್ನು ಕೈಯಲ್ಲಿ ತೂಗಿ ನೋಡುತ್ತಾನೆ. ಅಲಗಿನ ಮೇಲೆ ಬೆರಳಾಡಿಸುತ್ತಾನೆ. ಕಾವು ಬಿಗಿಯಾಗಿ ಕೂರುವುದೇ ಎಂದು ಪರೀಕ್ಷಿಸುತ್ತಾನೆ. ಕೊಡಲಿಯು ತನ್ನ ಗುಣದೋಷಗಳನ್ನು ತಾನೇ ಹೇಳಿಕೊಳ್ಳುತ್ತದೆ. ಆದರೆ ಈ ಕಾಲದ ಒಂದು ಸಾಧನವನ್ನು ಹೀಗೆ ಪರೀಕ್ಷಿಸಲು ಬರುವುದಿಲ್ಲ. ಅದೇ ತಂತ್ರಾಂಶ. ಗಣಕಯಂತ್ರವು ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ವಿಧಿಸುವ ಆದೇಶಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಅದಕ್ಕೆ ತೂಕವಿಲ್ಲ, ಅಲಗಿಲ್ಲ. ಅದರ ಒಳಗಿನ ನಡೆಯನ್ನು ಬಲ್ಲವರು ಕೆಲವರು. ಅದನ್ನು ನೆಚ್ಚಿ ನಡೆಯಬೇಕಾದವರು ಅನೇಕರು. ಆದುದರಿಂದ ತಂತ್ರಾಂಶವೊಂದನ್ನು ಜನರ ಮುಂದಿಡುವವರು ಆಡುವ ಮಾತೇ ಜನರಿಗೆ ಅದರ ಮೊದಲ ಪರಿಚಯ. ಆ ಮಾತು ಮಸುಕಾದರೆ ಸಾಧನವು ಎಷ್ಟೇ ಒಳ್ಳೆಯದಾಗಿದ್ದರೂ ಅದರ ಪ್ರಯೋಜನ ಕೈಗೆ ಸಿಗದು. ಆ ಮಾತು ಅತಿಯಾದರೆ ಜನರು ಕನ್ನಡಿಯೊಳಗಿನ ಗಂಟಿಗೆ ಕೈಚಾಚಿ ನಿರಾಶರಾಗುವರು.

ಈ ಮಾತಿನ ಮಹತ್ವವನ್ನು ಅರಿಯಲು ಕರ್ನಾಟಕದಲ್ಲಿಯೇ ನಡೆದ ಒಂದು ದೊಡ್ಡ ಪ್ರಯತ್ನವನ್ನು ನೋಡಬಹುದು. ಅದರ ವಿಷಯ ರೈತನ ಪಹಣಿ.

ಪಹಣಿ ಎಂಬುದು ಜಮೀನಿಗೆ ಸಂಬಂಧಿಸಿದ ಮುಖ್ಯವಾದ ದಾಖಲೆ. ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಮಣ್ಣಿನ ಬಗೆ, ಕಂದಾಯ, ಸ್ವಾಧೀನದಾರನ ಹೆಸರು, ನೀರಿನ ಆಸರೆ, ಬೆಳೆಯ ವಿವರ, ಜಮೀನಿನ ಮೇಲಿರುವ ಸಾಲದ ಹೊರೆ ಮುಂತಾದವೆಲ್ಲ ಅದರಲ್ಲಿ ಬರೆದಿರುತ್ತವೆ. ಹಕ್ಕು, ಗೇಣಿ ಮತ್ತು ಬೆಳೆಗಳ ವಿವರವಿರುವುದರಿಂದ ಇದನ್ನು ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಆರ್.ಟಿ.ಸಿ. ಎಂದೂ ಕರೆಯುವ ರೂಢಿ. ಬ್ಯಾಂಕಿನಲ್ಲಿ ಬೆಳೆಸಾಲ ಪಡೆಯಲು ಪಹಣಿ ಬೇಕು. ಜಮೀನನ್ನು ಮಾರಲು ಪಹಣಿ ಬೇಕು. ನ್ಯಾಯಾಲಯದಲ್ಲಿ ಮತ್ತೊಬ್ಬರಿಗೆ ಜಾಮೀನು ನಿಲ್ಲುವವನಿಗೂ ಪಹಣಿ ಬೇಕು. ತಂದೆ ತೀರಿಕೊಂಡ ಮೇಲೆ ಮಕ್ಕಳ ಹೆಸರು ಅದರಲ್ಲಿ ಸೇರದಿದ್ದರೆ, ಉಳುವ ನೆಲ ಕಣ್ಣೆದುರಿಗಿದ್ದರೂ ಕಾಗದದ ಮಟ್ಟಿಗೆ ಅವರು ಅದಕ್ಕೆ ಹೊರಗಿನವರು.

ಹಿಂದೆ ಈ ದಾಖಲೆಗಳನ್ನು ಕೈಬರಹದಲ್ಲಿ ಬರೆದಿಡುತ್ತಿದ್ದರು. ಮೊದಲು ಶಾನುಭೋಗರು, ಅವರ ಹುದ್ದೆ ರದ್ದಾದ ಮೇಲೆ ಗ್ರಾಮಲೆಕ್ಕಿಗರು ಆ ಪುಸ್ತಕಗಳನ್ನು ನಿರ್ವಹಿಸುತ್ತಿದ್ದರು. ರಾಜ್ಯದಲ್ಲಿ ಸುಮಾರು 9,000 ಮಂದಿ ಗ್ರಾಮಲೆಕ್ಕಿಗರಿದ್ದು, ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿಗಳ ಹೊಣೆ ಇರುತ್ತಿತ್ತು. ರೈತನಿಗೆ ಪಹಣಿಯ ನಕಲು ಬೇಕಾದಾಗ ಗ್ರಾಮಲೆಕ್ಕಿಗರು ಎಲ್ಲಿರುವರೆಂದು ಹುಡುಕಬೇಕಾಗಿತ್ತು. ಅವರಲ್ಲಿ ನಿಷ್ಠಾವಂತರು ಅನೇಕರಿದ್ದರು. ಆದರೆ ಪುಸ್ತಕವು ಒಬ್ಬರ ಕೈಯಲ್ಲಿಯೇ ಇದ್ದು, ಮತ್ತೊಬ್ಬರಿಗೆ ಅದನ್ನು ನೋಡುವ ದಾರಿ ಇಲ್ಲದಿದ್ದಾಗ ತಪ್ಪಿಗೂ ತಡಕ್ಕೂ ಆಸ್ಪದ ದೊರೆಯುತ್ತದೆ. ಕೆಲವೆಡೆ ನಕಲಿಗಾಗಿ ಹಣ ಕೇಳುವುದು ಸಾಮಾನ್ಯವಾಯಿತು. ಹಕ್ಕು ಬದಲಾವಣೆಯ ಅರ್ಜಿಗಳು ವರ್ಷಗಟ್ಟಲೆ ಉಳಿದದ್ದೂ ಉಂಟು. ಅಕ್ಷರ ಬಾರದ ರೈತನಿಗೆ ತನ್ನ ಹೆಸರಿನ ಮುಂದೆ ಏನು ಬರೆದಿದೆ ಎಂಬುದೂ ತಿಳಿಯುತ್ತಿರಲಿಲ್ಲ.

ಜಮೀನಿನ ದಾಖಲೆಗಳನ್ನು ಗಣಕಯಂತ್ರಕ್ಕೆ ಸೇರಿಸಬೇಕೆಂಬ ಯೋಚನೆ ‘ಭೂಮಿ’ಗಿಂತ ಹಳೆಯದು. ಕೇಂದ್ರ ಸರ್ಕಾರದ ಯೋಜನೆಯ ಅಡಿಯಲ್ಲಿ 1991ರಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯಲ್ಲಿ ಮೊದಲ ಪ್ರಯೋಗ ಆರಂಭವಾಯಿತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು. ಆದರೆ ಜಮೀನಿನ ವ್ಯವಹಾರ ನಿತ್ಯವೂ ನಡೆಯುತ್ತಿದ್ದುದು ತಾಲ್ಲೂಕಿನಲ್ಲಿ. ಅಲ್ಲಿಗೆ ಯಂತ್ರಗಳನ್ನು ಒದಗಿಸುವ ಏರ್ಪಾಡು ಇರಲಿಲ್ಲ. ಹಳ್ಳಿಯಲ್ಲಿ ಹೆಸರು ಬದಲಾದರೆ ಯಂತ್ರದೊಳಗಿನ ಹೆಸರು ಹಳೆಯದಾಗಿಯೇ ಉಳಿಯುತ್ತಿತ್ತು. ‘ದಾಖಲೆಗಳು ಗಣಕೀಕೃತವಾಗುತ್ತಿವೆ’ ಎಂಬ ಮಾತು ಸುಳ್ಳಾಗಿರಲಿಲ್ಲ. ಆದರೆ ಅದರಿಂದ ರೈತನಿಗೆ ಒಂದು ನಕಲೂ ಬೇಗನೆ ಸಿಗಲಿಲ್ಲ. ಯಂತ್ರ ಬಂದಿತು ಎಂದು ಹೇಳುವುದು ಬೇರೆ, ಯಂತ್ರದಿಂದ ಯಾರಿಗೆ ಯಾವ ಕೆಲಸವಾಗುತ್ತದೆ ಎಂದು ಹೇಳುವುದು ಬೇರೆ.

ಈ ಕೊರತೆಯನ್ನು ಅರಿತು ಕರ್ನಾಟಕದ ಕಂದಾಯ ಇಲಾಖೆಯು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನಿಂದ ಹೊಸ ತಂತ್ರಾಂಶವನ್ನು ರೂಪಿಸಿತು. ಅದಕ್ಕೆ ಇಟ್ಟ ಹೆಸರು ‘ಭೂಮಿ’. ಯಾವ ವಿವರಣೆಯೂ ಬೇಡದ, ಮಗುವಿಗೂ ಅರ್ಥವಾಗುವ ಹೆಸರು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ದಾಖಲೆಗಳನ್ನು ಕೈಬರಹದ ಪುಸ್ತಕಗಳಿಂದ ಯಂತ್ರಕ್ಕೆ ಸೇರಿಸಲಾಯಿತು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿಯೂ ಈ ವ್ಯವಸ್ಥೆ ನಡೆಯತೊಡಗಿತು. ಒಂದು ತಾಲ್ಲೂಕಿನ ದಾಖಲೆಗಳು ಯಂತ್ರಕ್ಕೆ ಸೇರಿದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಲಾಯಿತು.

‘ಭೂಮಿ’ ಮಾಡಿದ ಕೆಲಸಗಳನ್ನು ಎಣಿಸಿ ಹೇಳಬಹುದು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆರಂಭದಲ್ಲಿ 15 ರೂಪಾಯಿ ಶುಲ್ಕ ಕೊಟ್ಟರೆ ಯಾರಿಗಾದರೂ ಪಹಣಿಯ ಮುದ್ರಿತ ಪ್ರತಿ ಅಲ್ಲಿಯೇ ದೊರೆಯುತ್ತಿತ್ತು. ಜಮೀನು ಕೊಂಡವರು ಅಥವಾ ವಾರಸುದಾರರು ಹಕ್ಕು ಬದಲಾವಣೆಗೆ ಅರ್ಜಿ ಕೊಟ್ಟರೆ ಅದು ಯಂತ್ರದಲ್ಲಿ ದಾಖಲಾಗಿ, ಮೊದಲು ಬಂದ ಅರ್ಜಿಯನ್ನು ಮೊದಲು ಪರಿಶೀಲಿಸುವ ಕ್ರಮ ಏರ್ಪಟ್ಟಿತು. ಆಕ್ಷೇಪಣೆಗೆ ಅಂದಿನ ಕಾನೂನು ಕೊಟ್ಟಿದ್ದ 30 ದಿನಗಳ ಅವಧಿ ಹಾಗೆಯೇ ಉಳಿಯಿತು. ದಾಖಲೆಯನ್ನು ಬದಲಿಸುವ ನೌಕರನು ತನ್ನ ಬೆರಳಚ್ಚನ್ನು ಯಂತ್ರಕ್ಕೆ ತೋರಿಸಿಯೇ ಕೆಲಸ ಆರಂಭಿಸಬೇಕಾಗಿತ್ತು. ಇದರಿಂದ ಯಾರು ಏನನ್ನು ಬದಲಿಸಿದರು ಎಂಬುದಕ್ಕೆ ಗುರುತು ಉಳಿಯಿತು. ಇವೆಲ್ಲಕ್ಕೂ ಮಿಗಿಲಾಗಿ ಗಮನಿಸಬೇಕಾದ ಏರ್ಪಾಡು ಮತ್ತೊಂದಿತ್ತು. ಕಿಟಕಿಯ ಒಳಗೆ ನೌಕರನು ನೋಡುವ ಪರದೆಯಲ್ಲದೆ, ಹೊರಗೆ ನಿಂತ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನೂ ಇರಿಸಿದ್ದರು. ಒಳಗೆ ನಡೆಯುವುದನ್ನು ಹೊರಗಿನವನೂ ನೋಡಲಿ ಎಂಬುದೇ ಅದರ ಉದ್ದೇಶ.

ಇಂತಹ ಸಾಧನದ ಸುದ್ದಿಯು ಹಳ್ಳಿಗೆ ಹೇಗೆ ತಲುಪಬೇಕು? ಆ ವರ್ಷಗಳಲ್ಲಿ ಕೊಡ್ಲಿಪೇಟೆಯ ಕಡೆಯ ಒಬ್ಬ ವೃದ್ಧ ರೈತನನ್ನೂ, ಒಂಬತ್ತನೆಯ ತರಗತಿಯಲ್ಲಿ ಓದುವ ಅವನ ಮೊಮ್ಮಗಳನ್ನೂ ಕಲ್ಪಿಸಿಕೊಳ್ಳಬಹುದು. ರೈತನ ತಂದೆ ತೀರಿಕೊಂಡು ಬಹಳ ವರ್ಷಗಳಾಗಿವೆ. ಪಹಣಿಯಲ್ಲಿ ಇನ್ನೂ ತಂದೆಯ ಹೆಸರೇ ಇದೆ. ಗೋಡೆಗೆ ಅಂಟಿಸಿದ ಪ್ರಕಟಣೆಯೊಂದನ್ನು ಮೊಮ್ಮಗಳು ಗಟ್ಟಿಯಾಗಿ ಓದುತ್ತಾಳೆ: “ದತ್ತಾಂಶ ಸಂಚಯದ ಆಧುನೀಕರಣದ ಮೂಲಕ ಏಕಗವಾಕ್ಷಿ ಸೇವಾ ವಿತರಣೆ. ಪಾರದರ್ಶಕ ಆಡಳಿತದೆಡೆಗೆ ಒಂದು ದಿಟ್ಟ ಹೆಜ್ಜೆ.”

“ಏನಂತೆ ಮಗೂ?” ಎಂದು ಅಜ್ಜ ಕೇಳುತ್ತಾನೆ.

“ಏನೋ ಒಳ್ಳೆಯದಾಗುತ್ತದಂತೆ, ಅಜ್ಜಾ.”

“ಯಾರಿಗೆ?”

ಮೊಮ್ಮಗಳು ಪ್ರಕಟಣೆಯನ್ನು ಮತ್ತೊಮ್ಮೆ ಮೊದಲಿನಿಂದ ಓದುತ್ತಾಳೆ. ಅಜ್ಜನ ಪ್ರಶ್ನೆಗೆ ಉತ್ತರ ಅದರಲ್ಲಿಲ್ಲ. ಇಬ್ಬರೂ ಮನೆಗೆ ಹಿಂದಿರುಗುತ್ತಾರೆ. ಪಹಣಿಯಲ್ಲಿ ಸತ್ತವರ ಹೆಸರು ಹಾಗೆಯೇ ಉಳಿಯುತ್ತದೆ.

ಅದೇ ಗೋಡೆಯ ಮೇಲೆ ಬೇರೊಂದು ಪ್ರಕಟಣೆ ಇದ್ದಿತೆಂದು ಎಣಿಸಬಹುದು: “ನಿಮ್ಮ ಜಮೀನಿನ ಪಹಣಿ ಇನ್ನು ಮುಂದೆ ಸೋಮವಾರಪೇಟೆಯ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ದೊರೆಯುತ್ತದೆ. ಶುಲ್ಕ 15 ರೂಪಾಯಿ. ಅದಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ. ತೀರಿಕೊಂಡವರ ಹೆಸರು ಪಹಣಿಯಲ್ಲಿದ್ದರೆ ವಾರಸುದಾರರು ಅಲ್ಲಿಯೇ ಅರ್ಜಿ ಕೊಡಬಹುದು. ಆಕ್ಷೇಪಣೆಗೆ 30 ದಿನಗಳ ಅವಕಾಶವಿರುತ್ತದೆ. ಹೆಸರಿನಲ್ಲಿಯೋ ವಿಸ್ತೀರ್ಣದಲ್ಲಿಯೋ ತಪ್ಪು ಕಂಡರೆ ತಹಸೀಲ್ದಾರರಿಗೆ ಬರೆದು ಕೊಡಿ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವನ್ನು ಈ ಯಂತ್ರ ತೀರಿಸುವುದಿಲ್ಲ.”

ಇದನ್ನು ಕೇಳಿದ ಅಜ್ಜನು ಹೆಚ್ಚು ಮಾತನಾಡಲಾರನು. “ನಾಳೆ ಮೊದಲ ಬಸ್ಸು ಎಷ್ಟು ಹೊತ್ತಿಗೆ?” ಎಂದಷ್ಟೇ ಕೇಳಿಯಾನು.

ಎರಡು ಪ್ರಕಟಣೆಗಳೂ ಕಲ್ಪನೆಯವು, ಎರಡರಲ್ಲಿಯೂ ಸುಳ್ಳಿಲ್ಲ. ಆದರೂ ಮೊದಲನೆಯದು ಸಾಧನವನ್ನು ಕೊಂಡಾಡುತ್ತದೆ. ಎರಡನೆಯದು ಸಾಧನವು ಮಾಡುವ ಕೆಲಸವನ್ನು ಹೇಳುತ್ತದೆ. ಮೊದಲನೆಯದರಲ್ಲಿ ಗುಣವಾಚಕಗಳೇ ತುಂಬಿವೆ. ಎರಡನೆಯದರಲ್ಲಿ ಸ್ಥಳ, ಹಣ, ದಿನ, ಅಧಿಕಾರಿ ಎಂಬ ವಿವರಗಳಿವೆ. ಮೊದಲನೆಯದನ್ನು ಕೇಳಿದವನು ತಲೆದೂಗಬಹುದು. ಎರಡನೆಯದನ್ನು ಕೇಳಿದವನು ಎದ್ದು ಹೊರಡಬಹುದು.

ಹೀಗೆ ನೋಡಿದಾಗ, ತಂತ್ರಾಂಶವೊಂದನ್ನು ಪರಿಚಯಿಸುವವರು ಉತ್ತರಿಸಬೇಕಾದ ಪ್ರಶ್ನೆಗಳು ಐದು ಎಂದು ತಿಳಿಯುತ್ತದೆ. ಇದು ಯಾರಿಗಾಗಿ? ಅವರ ಯಾವ ಕೆಲಸವನ್ನು ಮಾಡಿಕೊಡುತ್ತದೆ? ಅದಕ್ಕೆ ಅವರು ಕೊಡಬೇಕಾದ ಹಣ, ಸಮಯ, ಶ್ರಮ ಎಷ್ಟು? ಯಾವ ಕೆಲಸವನ್ನು ಇದು ಮಾಡುವುದಿಲ್ಲ? ತಪ್ಪಾದರೆ ಯಾರ ಬಳಿಗೆ ಹೋಗಬೇಕು? ಈ ಐದರಲ್ಲಿ ಮೂರನೆಯ ಪ್ರಶ್ನೆಯನ್ನು ಹೇಳುವವರು ಮರೆಯುವುದುಂಟು. ಕೊಡ್ಲಿಪೇಟೆಯ ರೈತನಿಗೆ ಶುಲ್ಕ 15 ರೂಪಾಯಿಯೇ ಆದರೂ ಶನಿವಾರಸಂತೆಯನ್ನು ದಾಟಿ ಸೋಮವಾರಪೇಟೆಗೆ ಹೋಗಿ ಬರುವ ಬಸ್ಸಿನ ಹಣವೂ, ಒಂದು ದಿನದ ಕೆಲಸವೂ ಖರ್ಚೇ. ಮುಂದೆ ಹೋಬಳಿ ಮಟ್ಟದ ಕೇಂದ್ರಗಳಲ್ಲಿಯೂ, ಅನಂತರ ಅಂತರ್ಜಾಲದ ಮೂಲಕವೂ ಪಹಣಿ ಸಿಗುವಂತಾದಾಗ ಆ ಹೊರೆ ಇಳಿಯಿತು.

ನಾಲ್ಕನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿನವಾದುದು. ತಾವು ಕಷ್ಟಪಟ್ಟು ಕಟ್ಟಿದ ಸಾಧನದ ಮಿತಿಯನ್ನು ತಾವೇ ಹೇಳಿಕೊಳ್ಳಲು ಯಾರ ಮನಸ್ಸೂ ಸುಲಭವಾಗಿ ಒಪ್ಪುವುದಿಲ್ಲ. ಆದರೆ ಜಮೀನಿನ ವಿಷಯದಲ್ಲಿ ಆ ಮೌನದಿಂದ ಹಾನಿಯಾಗಬಹುದು. ಯಂತ್ರದಿಂದ ಅಚ್ಚಾಗಿ ಬಂದ ಕಾಗದವನ್ನು ಕಂಡವರಿಗೆ ಅದು ಪೂರ್ಣ ಸತ್ಯವೆಂಬ ನಂಬಿಕೆ ಮೂಡುತ್ತದೆ. ಕೈಬರಹವನ್ನು ಸಂಶಯಿಸುವವನೂ ಅಚ್ಚಿನ ಅಕ್ಷರವನ್ನು ಸಂಶಯಿಸುವುದಿಲ್ಲ. ಆದರೆ ಯಂತ್ರವು ತನಗೆ ಕೊಟ್ಟದ್ದನ್ನು ಮಾತ್ರ ಕಾಪಾಡುತ್ತದೆ. ಹಳೆಯ ಪುಸ್ತಕದಲ್ಲಿ ತಪ್ಪಿದ್ದರೆ ಅದು ಅಚ್ಚಿನಲ್ಲಿಯೂ ತಪ್ಪಾಗಿಯೇ ಬರುತ್ತದೆ. ಸೇರಿಸುವಾಗ ಒಂದು ಅಂಕಿ ಹೆಚ್ಚುಕಡಿಮೆಯಾದರೆ ಗುಂಟೆಗಳ ಲೆಕ್ಕವೇ ಬದಲಾಗುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣವು ಈ ವಿಷಯದಲ್ಲಿ ಎಚ್ಚರದ ಮಾತನ್ನು ಹೇಳುತ್ತದೆ. ಹಕ್ಕು ದಾಖಲೆಯಲ್ಲಿರುವ ನಮೂದನ್ನು, ಅದು ತಪ್ಪೆಂದು ರುಜುವಾತಾಗುವವರೆಗೆ ಅಥವಾ ಕಾನೂನಿನಂತೆ ಹೊಸ ನಮೂದು ಬರುವವರೆಗೆ, ನಿಜವೆಂದು ಭಾವಿಸಬೇಕೆಂಬುದು ಅದರ ತಾತ್ಪರ್ಯ. ಎಂದರೆ ಪಹಣಿಯು ಬಲವಾದ ಸಾಕ್ಷ್ಯ. ಆದರೆ ಅದೇ ಕೊನೆಯ ತೀರ್ಪಲ್ಲ. ತಂತ್ರಾಂಶವು ಆ ಸಾಕ್ಷ್ಯವನ್ನು ಬೇಗನೆ, ಎಲ್ಲರಿಗೂ ಕಾಣುವಂತೆ ಒದಗಿಸಬಲ್ಲದು. ನೆಲ ಯಾರದೆಂದು ತೀರ್ಮಾನಿಸುವ ಹೊಣೆ ಮನುಷ್ಯರದೇ.

ಕೊಡಗಿನಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಇಲ್ಲಿ ಜಮ್ಮಾ ಎಂಬ ಹಳೆಯ ಹಿಡುವಳಿ ಪದ್ಧತಿ ಇದೆ. ಜಮ್ಮಾ ಭೂಮಿಯು ತಲೆಮಾರಿನಿಂದ ತಲೆಮಾರಿಗೆ ಕುಟುಂಬದ ಒಟ್ಟು ಹಿಡುವಳಿಯಾಗಿ ಬಂದುದು. ಗದ್ದೆಗೆ ಹೊಂದಿಕೊಂಡಂತೆ ಸೊಪ್ಪು, ಸೌದೆ, ಮೇವುಗಳಿಗಾಗಿ ಬಿಟ್ಟ ಬಾಣೆ ಎಂಬ ನೆಲವೂ ಉಂಟು. ಹಲವರು ಕೂಡಿ ಅನುಭವಿಸುವ ಹಕ್ಕನ್ನು ಅಂಕಣಗಳಲ್ಲಿ ಹೆಸರು ಬರೆಯುವ ದಾಖಲೆಯೊಳಗೆ ಹಿಡಿದಿಡುವುದು ಸುಲಭವಲ್ಲ. ಅಂಕಣದಲ್ಲಿ ಯಾರ ಹೆಸರು ಮೊದಲಿರಬೇಕು, ಯಾರ ಪಾಲು ಎಷ್ಟು ಎಂಬ ಪ್ರಶ್ನೆಗಳನ್ನು ಕುಟುಂಬವೂ ಕಾನೂನೂ ಬಿಡಿಸಬೇಕಲ್ಲದೆ ಯಂತ್ರವು ಬಿಡಿಸಲಾರದು. ಈ ಮಿತಿಯನ್ನು ಮೊದಲೇ ತಿಳಿದ ಕುಟುಂಬವು ಕೂತು ಮಾತನಾಡುತ್ತದೆ. ತಿಳಿಯದ ಕುಟುಂಬವು ಯಂತ್ರವೇ ಎಲ್ಲವನ್ನೂ ಸರಿಪಡಿಸೀತೆಂದು ಕಾಯುತ್ತ ಕಾಲ ಕಳೆಯುತ್ತದೆ.

ಮಿತಿಯನ್ನು ಹೇಳಿಕೊಂಡರೆ ಸಾಧನದ ಗೌರವ ಕುಗ್ಗುವುದೆಂಬ ಭಯ ಬೇಡ. ಇದಕ್ಕೆ ಹೊರದೇಶದ ಒಂದು ನಿದರ್ಶನವನ್ನು ನೋಡಬಹುದು. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿಯು ತಾನು ರಚಿಸುತ್ತಿದ್ದ ಒಂದು ತಂತ್ರಾಂಶದ ವಿಷಯವನ್ನು ಇತರ ಬಳಕೆದಾರರಿಗೆ ತಿಳಿಸಿದನು. ಗಣಕಯಂತ್ರದ ಎಲ್ಲ ಭಾಗಗಳನ್ನೂ ನಿಯಂತ್ರಿಸುವ ಮೂಲ ತಂತ್ರಾಂಶವದು. ಆತನು ಅದನ್ನು ಜಗತ್ತನ್ನೇ ಬದಲಿಸುವ ಸಾಧನವೆಂದು ಹೊಗಳಲಿಲ್ಲ. ಇದು ತನ್ನ ಹವ್ಯಾಸದ ಕೆಲಸವೆಂದೂ, ದೊಡ್ಡದಾಗಿ ಬೆಳೆಯುವಂತಹದಲ್ಲವೆಂದೂ, ಇಂತಹ ಬಗೆಯ ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆಂದೂ, ಬೇರೆ ಯಂತ್ರಗಳಿಗೆ ಸುಲಭವಾಗಿ ಒಗ್ಗದೆಂದೂ ನೇರವಾಗಿ ಹೇಳಿದನು. ಜನರಿಗೆ ಯಾವ ಅನುಕೂಲಗಳು ಬೇಕಾಗಿವೆ ಎಂದು ಕೇಳಿದನು. ಈ ಸರಳ ಮಾತನ್ನು ಓದಿದವರಿಗೆ, ತಾವು ಎಲ್ಲಿ ಕೈಜೋಡಿಸಬಹುದೆಂಬುದು ತಿಳಿಯಿತು. ಅನೇಕ ದೇಶಗಳ ಜನರು ಅದನ್ನು ತಿದ್ದಿ ಬೆಳೆಸಿದರು. ಅದೇ ಇಂದಿನ ಲಿನಕ್ಸ್. ಜಗತ್ತಿನ ಅತಿ ವೇಗದ 500 ಗಣಕಯಂತ್ರಗಳ ಪಟ್ಟಿಯಲ್ಲಿ 2017ರ ಹೊತ್ತಿಗೆ ಎಲ್ಲವೂ ಲಿನಕ್ಸನ್ನೇ ಬಳಸುತ್ತಿದ್ದವು. ಆಂಡ್ರಾಯ್ಡ್ ದೂರವಾಣಿಗಳ ಒಳಗೂ ಅದರ ತಿರುಳಿದೆ. ‘ದೊಡ್ಡದಾಗಲಾರದು’ ಎಂದು ಹೇಳಿಕೊಂಡ ಸಾಧನವು ದೊಡ್ಡದಾಯಿತು. ಅದರ ಒಡೆಯನ ಊಹೆ ತಪ್ಪಾಯಿತು. ಆದರೆ ಅಂದಿನ ಅದರ ಸ್ಥಿತಿಯನ್ನು ಕುರಿತು ಆತನು ಆಡಿದ ಮಾತಿನಲ್ಲಿ ತಪ್ಪಿರಲಿಲ್ಲ.

ಕನ್ನಡದ ತಂತ್ರಾಂಶಗಳ ಕಥೆಯಲ್ಲಿಯೂ ಇದೇ ಪಾಠವಿದೆ. ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯಲು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಇವೆಲ್ಲ ನಾಡಿಗೆ ಮಹೋಪಕಾರ ಮಾಡಿದವು. ಕನ್ನಡದಲ್ಲಿ ಕಾಗದಪತ್ರಗಳನ್ನು ಸಿದ್ಧಪಡಿಸಲು, ಪುಸ್ತಕಗಳನ್ನು ಅಚ್ಚಿಗೆ ಅಣಿಗೊಳಿಸಲು ಇವುಗಳಿಂದ ದಾರಿಯಾಯಿತು. ಆದರೆ ಹಳೆಯ ಪದ್ಧತಿಯ ಅಕ್ಷರ ವಿನ್ಯಾಸಗಳಿಗೆ ಒಂದು ಮಿತಿ ಇತ್ತು. ಯಂತ್ರದೊಳಗೆ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ. ಹಳೆಯ ವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾಗಿದ್ದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಅದೇ ಅಕ್ಷರ ವಿನ್ಯಾಸವಿಲ್ಲದ ಯಂತ್ರದಲ್ಲಿ ಆ ಬರಹವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ‘ಈ ತಂತ್ರಾಂಶದಿಂದ ಕನ್ನಡವನ್ನು ಬರೆಯಬಹುದು’ ಎಂದಷ್ಟೇ ಕೇಳಿದವನು, ತಾನು ಬರೆದುದನ್ನು ಎಲ್ಲರೂ ಓದಬಲ್ಲರೆಂದು ಭಾವಿಸುತ್ತಿದ್ದನು. ಬರೆಯುವುದು ಒಂದು ಕೆಲಸ, ಬರೆದುದು ಎಲ್ಲೆಡೆ ಓದಲು ಬರುವುದು ಮತ್ತೊಂದು ಕೆಲಸ ಎಂಬ ಭೇದ ಅವನಿಗೆ ತಿಳಿಯುತ್ತಿದ್ದುದು ಕಡತವನ್ನು ಕಳುಹಿಸಿಯಾದ ಮೇಲೆ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆಯು ಕನ್ನಡದ ಅಕ್ಷರಗಳಿಗೆ ಅವುಗಳದೇ ಆದ ಸಂಖ್ಯೆಗಳನ್ನು ಕೊಟ್ಟಿತು. ಅದರಂತೆ ‘ಕ’ ಅಕ್ಷರದ ಸಂಖ್ಯೆ 3221. ಆ ಸಂಖ್ಯೆಯು ಬೇರೆ ಯಾವ ಭಾಷೆಯ ಅಕ್ಷರಕ್ಕೂ ಸೇರಿದುದಲ್ಲ. ತಂತ್ರಾಂಶಗಳು ಈ ಪದ್ಧತಿಗೆ ಬಂದ ಮೇಲೆ ಕೊಡ್ಲಿಪೇಟೆಯಲ್ಲಿ ಬರೆದ ಕನ್ನಡವನ್ನು ಕಾಸರಗೋಡಿನಲ್ಲಿಯೂ, ಕಡಲಾಚೆಯ ಊರಿನಲ್ಲಿಯೂ ಕನ್ನಡವಾಗಿಯೇ ಓದಲು ಸಾಧ್ಯವಾಯಿತು. ಆದುದರಿಂದ ಕನ್ನಡದ ತಂತ್ರಾಂಶವೊಂದನ್ನು ಪರಿಚಯಿಸುವವರು ‘ಇದು ಯೂನಿಕೋಡ್ ಪದ್ಧತಿಯಲ್ಲಿ ಬರೆಯುತ್ತದೆ’ ಎಂಬ ಒಂದು ವಾಕ್ಯವನ್ನು ಸೇರಿಸಿದರೆ, ನೂರು ಹೊಗಳಿಕೆಗಳಿಗಿಂತ ಅದು ಬಳಕೆದಾರನಿಗೆ ಹೆಚ್ಚು ಉಪಯುಕ್ತ. ಆ ವಾಕ್ಯದ ಅರ್ಥವನ್ನೂ ‘ಎಲ್ಲ ಯಂತ್ರಗಳಲ್ಲಿಯೂ ಓದಬಹುದು’ ಎಂದು ಬಿಡಿಸಿ ಹೇಳಿದರೆ ಇನ್ನೂ ಉಪಯುಕ್ತ.

ಸರಳವಾಗಿ ಹೇಳುವುದೆಂದರೆ ವಿಷಯವನ್ನು ಕಡಿಮೆ ಮಾಡುವುದೆಂದು ಕೆಲವರು ತಿಳಿಯುತ್ತಾರೆ. ಇದು ಸರಿಯಲ್ಲ. ಸಾಧನವನ್ನು ಚೆನ್ನಾಗಿ ತಿಳಿಯದವನಿಗೆ ಅದನ್ನು ಸರಳವಾಗಿ ಹೇಳಲು ಬರುವುದಿಲ್ಲ. ಗೊತ್ತಿಲ್ಲದ ಕಡೆಗಳಲ್ಲಿ ಅವನು ದೊಡ್ಡ ಪದಗಳನ್ನು ಇರಿಸಿ ಮುಂದೆ ಸಾಗುತ್ತಾನೆ. ‘ಇದು ಯಾರ ಯಾವ ಕೆಲಸವನ್ನು ಮಾಡುತ್ತದೆ’ ಎಂದು ಬರೆಯಲು ಕುಳಿತವನಿಗೆ ಬರೆಯಲು ತೋಚದಿದ್ದರೆ ದೋಷವು ಭಾಷೆಯಲ್ಲಿಲ್ಲ. ಸಾಧನದಲ್ಲಿಯೋ, ಅದನ್ನು ಕುರಿತ ಯೋಚನೆಯಲ್ಲಿಯೋ ಇದೆ. ಹೀಗಾಗಿ ಪ್ರಕಟಣೆಯನ್ನು ಬರೆಯುವ ಕೆಲಸವು ಸಾಧನವನ್ನು ಕಟ್ಟಿದವರಿಗೂ ಒಂದು ಪರೀಕ್ಷೆ. ‘ಭೂಮಿ’ಗೆ ಮುಂಚಿನ ಪ್ರಯೋಗದ ಕಾಲದಲ್ಲಿ ಯಾರಾದರೂ ‘ಇದರಿಂದ ರೈತನಿಗೆ ಪಹಣಿ ಎಲ್ಲಿ ಸಿಗುತ್ತದೆ?’ ಎಂಬ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಬರೆಯಲು ಕುಳಿತಿದ್ದರೆ, ತಾಲ್ಲೂಕಿನಲ್ಲಿ ಯಂತ್ರವಿಲ್ಲವೆಂಬ ಕೊರತೆ ಆಗಲೇ ಎದ್ದು ಕಾಣುತ್ತಿತ್ತು.

ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ರೈತನ ಕಡೆಗೆ ತಿರುಗಿಸಿಟ್ಟ ಆ ಎರಡನೆಯ ಪರದೆಯನ್ನು ಇಲ್ಲಿ ಮತ್ತೆ ನೆನೆಯಬೇಕು. ಅದು ಒಳ್ಳೆಯ ಏರ್ಪಾಡು. ಆದರೆ ಓದು ಬಾರದವನ ಮುಂದೆ ಬೆಳಗುವ ಪರದೆಯೂ ಮುಚ್ಚಿದ ಪುಸ್ತಕದಂತೆಯೇ. “ಯಜಮಾನರೇ, ಇಲ್ಲಿ ನೋಡಿ. ಇದು ನಿಮ್ಮ ಸರ್ವೆ ನಂಬರು. ಇಲ್ಲಿ ನಿಮ್ಮ ತಂದೆಯವರ ಹೆಸರಿದೆ. ಇದರ ಜಾಗದಲ್ಲಿ ನಿಮ್ಮ ಹೆಸರು ಬರಬೇಕು” ಎಂದು ಒಬ್ಬರು ಬೆರಳಿಟ್ಟು ತೋರಿಸಿ ಹೇಳಿದಾಗ ಮಾತ್ರ ಆ ಪರದೆಯು ಅವನ ಪಾಲಿಗೆ ತೆರೆಯುತ್ತದೆ. ಯಂತ್ರವನ್ನು ಕಟ್ಟಿದವರು, ಅದನ್ನು ನಡೆಸುವವರು, ಅದರ ಸುದ್ದಿಯನ್ನು ಬರೆಯುವವರು ಎಲ್ಲರಿಗೂ ಈ ಹೊಣೆಯಲ್ಲಿ ಪಾಲಿದೆ. ಓದು ಬಲ್ಲ ಮಕ್ಕಳಿಗೂ ಇದೆ. ಇಂದು ಮನೆಗೆ ಬರುವ ಹೊಸ ತಂತ್ರಾಂಶಗಳನ್ನು ಹಿರಿಯರಿಗೆ ವಿವರಿಸುವವರು ಬಹುಮಟ್ಟಿಗೆ ಮನೆಯ ಮಕ್ಕಳೇ. ಅಜ್ಜನೋ ಅಜ್ಜಿಯೋ “ಇದರಿಂದ ನನಗೇನು?” ಎಂದು ಕೇಳಿದಾಗ ಬೇಸರಿಸದೆ, ಉತ್ಪ್ರೇಕ್ಷೆ ಮಾಡದೆ, ಆಗುವುದನ್ನು ಆಗುತ್ತದೆಂದೂ ಆಗದುದನ್ನು ಆಗದೆಂದೂ ಹೇಳಿದರೆ, ಆ ಮಕ್ಕಳು ತಮ್ಮ ವಿದ್ಯೆಯನ್ನು ಸರಿಯಾಗಿ ಬಳಸಿದಂತಾಗುತ್ತದೆ.

ಶಬ್ದಾರ್ಥ

ತಂತ್ರಾಂಶ – ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ವಿಧಿಸುವ ಆದೇಶಗಳ ಸಮೂಹ
ಹೋಬಳಿ – ತಾಲ್ಲೂಕಿನ ಒಂದು ಭಾಗ; ಹಲವು ಹಳ್ಳಿಗಳ ಗುಂಪು
ಕಾವು – ಕೊಡಲಿ ಮುಂತಾದವುಗಳ ಹಿಡಿ
ವಾರಸುದಾರ – ಆಸ್ತಿಗೆ ಹಕ್ಕುಳ್ಳ ಉತ್ತರಾಧಿಕಾರಿ
ನಮೂದು – ದಾಖಲೆಯಲ್ಲಿ ಬರೆದ ವಿವರ
ರುಜುವಾತು – ಸಾಕ್ಷ್ಯದಿಂದ ಸಿದ್ಧಪಡಿಸುವುದು
ಉತ್ಪ್ರೇಕ್ಷೆ – ಇದ್ದುದಕ್ಕಿಂತ ಹೆಚ್ಚಾಗಿ ಹೇಳುವುದು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪಹಣಿಯಲ್ಲಿ ಯಾವ ಯಾವ ವಿವರಗಳಿರುತ್ತವೆ?
2. ಜಮೀನಿನ ದಾಖಲೆಗಳ ಗಣಕೀಕರಣದ ಮೊದಲ ಪ್ರಯೋಗವು ಯಾವ ಜಿಲ್ಲೆಯಲ್ಲಿ ಆರಂಭವಾಯಿತು?
3. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಎರಡನೆಯ ಪರದೆಯನ್ನು ಇರಿಸಿದ ಉದ್ದೇಶವೇನು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕೊಡಲಿಯ ಪರೀಕ್ಷೆಗೂ ತಂತ್ರಾಂಶದ ಪರೀಕ್ಷೆಗೂ ಇರುವ ವ್ಯತ್ಯಾಸವೇನು?
2. ತಂತ್ರಾಂಶವನ್ನು ಪರಿಚಯಿಸುವವರು ಉತ್ತರಿಸಬೇಕಾದ ಐದು ಪ್ರಶ್ನೆಗಳು ಯಾವುವು?
3. ಹಳೆಯ ಅಕ್ಷರ ವಿನ್ಯಾಸಗಳ ಮಿತಿ ಏನು? ಯೂನಿಕೋಡ್ ಅದನ್ನು ಹೇಗೆ ನೀಗಿಸಿತು?

ಇ. ಎಂಟು ಹತ್ತು ವಾಕ್ಯಗಳಲ್ಲಿ ವಿವರಿಸಿರಿ.
1. ಪಾಠದಲ್ಲಿ ಬರುವ ಎರಡು ಪ್ರಕಟಣೆಗಳನ್ನು ಹೋಲಿಸಿರಿ. ಎರಡನೆಯದು ಅಜ್ಜನಿಗೆ ಏಕೆ ಪ್ರಯೋಜನಕರವಾಯಿತು?
2. ‘ನೆಲ ಯಾರದೆಂದು ತೀರ್ಮಾನಿಸುವ ಹೊಣೆ ಮನುಷ್ಯರದೇ’ – ಈ ಮಾತನ್ನು ಕೊಡಗಿನ ಜಮ್ಮಾ ಭೂಮಿಯ ಹಿನ್ನೆಲೆಯಲ್ಲಿ ಸಮರ್ಥಿಸಿರಿ.

ಈ. ಚಟುವಟಿಕೆ
ನಿಮ್ಮ ಮನೆಯಲ್ಲಿ ಬಳಸುವ ಒಂದು ತಂತ್ರಾಂಶವನ್ನು ಆರಿಸಿಕೊಂಡು, ಅದನ್ನು ಎಂದೂ ಬಳಸದ ಹಿರಿಯರೊಬ್ಬರಿಗೆ ಪರಿಚಯಿಸುವ ಪ್ರಕಟಣೆಯನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ. ಅದು ಮಾಡಲಾರದ ಒಂದು ಕೆಲಸವನ್ನಾದರೂ ಅದರಲ್ಲಿ ಹೇಳಿರಿ. ಬರೆದುದನ್ನು ಆ ಹಿರಿಯರಿಗೆ ಓದಿ ಹೇಳಿ, ಅವರು ಕೇಳಿದ ಪ್ರಶ್ನೆಗಳನ್ನು ತರಗತಿಯಲ್ಲಿ ತಿಳಿಸಿರಿ.